ಮಾತೃಭಾಷೆಯ ಅಚ್ಚುಮನೆಯನ್ನು ಕಾಯ್ದ ಗುರು: ವಂದನೀಯ ಮಿಕಾಯೆಲ್ ಗಾಂಪರ್

ಪತ್ರಿಕೆಯೊಂದು ಸಾಯುವುದು ಹೇಗೆ? ಸರ್ಕಾರವು ಅದರ ಬಾಗಿಲಿಗೆ ಬೀಗಮುದ್ರೆ ಹಾಕಿದಾಗ ಸಾಯುತ್ತದೆ ಎಂಬುದು ಎಲ್ಲರೂ ಬಲ್ಲ ಉತ್ತರ. ಕಾಗದ, ಮಸಿ, ಅಚ್ಚುಕೆಲಸದವರ ಸಂಬಳ ಇವಕ್ಕೆ ಹಣವಿಲ್ಲದೆ ಸಾಯುತ್ತದೆ ಎಂಬುದು ಪತ್ರಿಕೆ ನಡೆಸಿದವರ ಉತ್ತರ. ಇವೆರಡಲ್ಲದೆ ಮೂರನೆಯ ಉತ್ತರವೂ ಒಂದುಂಟು. ತನ್ನ ಓದುಗರಿಗೆ ಅಪ್ರಿಯವಾದ ಸತ್ಯವನ್ನು ಹೇಳಲು ಅಂಜಿದ ದಿನ, ವಾರವಾರವೂ ಮನೆಬಾಗಿಲಿಗೆ ಬಂದು ಬೀಳುತ್ತಲೇ ಇದ್ದರೂ, ಅದು ಒಳಗಿನಿಂದ ಸತ್ತಿರುತ್ತದೆ. ಕಡಿಮೆ ಜನ ಆಡುವ ಭಾಷೆಯ ಪತ್ರಿಕೆಗೆ ಈ ಮೂರು ಅಪಾಯಗಳೂ ಒಟ್ಟಿಗೇ ಎದುರಾಗುತ್ತವೆ. ಅವನ್ನು ಒಂದೇ ಜೀವಿತಕಾಲದಲ್ಲಿ ಕಂಡು, ಎದುರಿಸಿ ನಿಂತ ಕಥೋಲಿಕ ಗುರುವೊಬ್ಬರ ಜೀವನವನ್ನು ಈ ವಾರ ನಮ್ಮ ಓದುಗ ಕುಟುಂಬಗಳ ಮುಂದಿಡಲು ಬಯಸುತ್ತೇವೆ. ಅವರೇ ದಕ್ಷಿಣ ಟಿರೋಲಿನ ಕ್ಯಾನನ್ ಮಿಕಾಯೆಲ್ ಗಾಂಪರ್.

ಆಲ್ಪ್ಸ್ ಪರ್ವತಶ್ರೇಣಿಯ ದಕ್ಷಿಣ ಮಗ್ಗುಲಲ್ಲಿ, ಇಂದಿನ ಇಟಲಿಯ ಉತ್ತರದ ಗಡಿಯಲ್ಲಿ, ಬೋಲ್ಸಾನೊ ಎಂಬ ಪಟ್ಟಣವಿದೆ. ಅಲ್ಲಿನ ಜರ್ಮನ್ ಭಾಷಿಕರು ಅದನ್ನು ಬೋಟ್ಸೆನ್ ಎಂದು ಕರೆಯುತ್ತಾರೆ. ಅದರ ಸಮೀಪದ ಪ್ರಿಸ್ಸಿಯಾನ್ ಎಂಬ ಹಳ್ಳಿಯಲ್ಲಿ 1885ರ ಫೆಬ್ರವರಿ 7ರಂದು ಗಾಂಪರ್ ಜನಿಸಿದರು. ಆಗ ಆ ಸೀಮೆಯೆಲ್ಲ ಆಸ್ಟ್ರಿಯಾ ಚಕ್ರಾಧಿಪತ್ಯಕ್ಕೆ ಸೇರಿತ್ತು. ದ್ರಾಕ್ಷಿತೋಟ, ಹಣ್ಣಿನ ತೋಪು, ದನಕರುಗಳನ್ನು ನಂಬಿ ಬದುಕುವ, ಸಂಜೆ ಜಪಸರ ಹಿಡಿದು ಕೂರುವ ರೈತಾಪಿ ಕಥೋಲಿಕರ ನಾಡು ಅದು. 1908ರಲ್ಲಿ ಗಾಂಪರ್ ಗುರುದೀಕ್ಷೆಯನ್ನು ಪಡೆದರು. ಆ ನಾಡಿನಲ್ಲಿ ಗುರುಗಳು ಪತ್ರಿಕೆ ನಡೆಸುವುದು ಹೊಸದೇನಲ್ಲ. ಹಳ್ಳಿಯ ಮನೆಗೆ ಪಂಚಾಂಗವೂ ಪ್ರಾರ್ಥನಾ ಪುಸ್ತಕವೂ ವಾರಪತ್ರಿಕೆಯೂ ಒಂದೇ ಅಚ್ಚುಕೂಟದಿಂದ ಬರುತ್ತಿದ್ದವು. ‘ಟಿರೋಲಿಯಾ’ ಎಂಬ ಕಥೋಲಿಕ ಪ್ರಕಾಶನ ಸಂಸ್ಥೆಯ ಬೋಟ್ಸೆನ್ ಶಾಖೆ ಕಾಲಕ್ರಮದಲ್ಲಿ ಗಾಂಪರರ ಹೊಣೆಗೆ ಬಂದಿತು. ಜನರ ದೂತ ಎಂಬ ಅರ್ಥದ ‘ಫೋಲ್ಕ್ಸ್‌ಬೋಟೆ’ ಎಂಬ ವಾರಪತ್ರಿಕೆ ಅವರ ಮುಖ್ಯ ವೇದಿಕೆಯಾಯಿತು.

ನಾಡು ಬದಲಾಯಿತು, ಹೆಸರೂ ಹೋಯಿತು

ಮೊದಲನೆಯ ಮಹಾಯುದ್ಧದಲ್ಲಿ ಆಸ್ಟ್ರಿಯಾ ಸೋತಿತು. 1919ರ ಸೆಪ್ಟೆಂಬರ್ 10ರ ಸಂಧಿಯ ಪ್ರಕಾರ ಟಿರೋಲಿನ ದಕ್ಷಿಣ ಭಾಗ ಇಟಲಿಗೆ ಹೋಯಿತು. 1920ರ ಅಕ್ಟೋಬರ್ 10ರಂದು ವಿಲೀನವು ಅಧಿಕೃತವಾಯಿತು. ಎರಡು ಲಕ್ಷಕ್ಕೂ ಮಿಗಿಲಾದ ಜರ್ಮನ್ ಭಾಷಿಕರು ತಮ್ಮ ಮನೆಯ ಹೊಸ್ತಿಲನ್ನೂ ದಾಟದೆ ಪರರಾಜ್ಯದ ಪ್ರಜೆಗಳಾದರು, ತಮ್ಮ ನೆಲದಲ್ಲಿಯೇ ಅಲ್ಪಸಂಖ್ಯಾತರಾದರು.

1922ರಲ್ಲಿ ಮುಸ್ಸೋಲಿನಿಯ ಫ್ಯಾಸಿಸ್ಟ್ ಪಕ್ಷ ಅಧಿಕಾರವನ್ನು ಹಿಡಿಯಿತು. 1923ರ ಜುಲೈ 15ರಂದು ಎಟ್ಟೋರೆ ತೊಲೊಮೇಯಿ ಎಂಬಾತ ಬೋಲ್ಸಾನೊದ ನಾಟಕಶಾಲೆಯಲ್ಲಿ ಆ ಸೀಮೆಯನ್ನು ಇಟಲೀಕರಿಸುವ 32 ಅಂಶಗಳ ಕಾರ್ಯಕ್ರಮವನ್ನು ಘೋಷಿಸಿದನು. ಊರುಗಳ ಹೆಸರು, ಬೀದಿಫಲಕ, ಕಚೇರಿ, ನ್ಯಾಯಾಲಯ, ಶಾಲೆ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಟಿರೋಲ್ ಎಂಬ ಹೆಸರನ್ನೇ ಅಳಿಸಬೇಕೆಂಬುದೂ, ‘ಡೇರ್ ಟಿರೋಲರ್’ ಎಂಬ ದಿನಪತ್ರಿಕೆಯನ್ನು ನಿಲ್ಲಿಸಬೇಕೆಂಬುದೂ ಅದರಲ್ಲಿ ಸೇರಿದ್ದವು. ಮುಂದಿನ ವರ್ಷಗಳಲ್ಲಿ ಸಮಾಧಿಕಲ್ಲಿನ ಮೇಲೆ ಹೊಸದಾಗಿ ಜರ್ಮನ್ ಬರೆಹ ಕೆತ್ತಿಸುವುದಕ್ಕೂ ನಿಷೇಧ ಬಂದಿತು. ಸತ್ತವರಿಗೂ ಸ್ವಂತ ಭಾಷೆ ಇಲ್ಲದಂತಾಯಿತು.

ಹೆಸರು ನಿಷಿದ್ಧವಾದಾಗ ‘ಡೇರ್ ಟಿರೋಲರ್’ ಪತ್ರಿಕೆಯು ‘ಡೇರ್ ಲಾಂಡ್ಸ್‌ಮಾನ್’ ಎಂಬ ಹೆಸರನ್ನು ತೊಟ್ಟಿತು. ‘ಟಿರೋಲಿಯಾ’ ಸಂಸ್ಥೆ ಮಧ್ಯಯುಗದ ಕವಿಯೊಬ್ಬನ ಹೆಸರನ್ನು ಆಶ್ರಯಿಸಿ ‘ಫೋಗೆಲ್‌ವೈಡರ್’ ಆಯಿತು. 1930ರ ದಶಕದಲ್ಲಿ ಅದನ್ನೂ ಬಿಟ್ಟು, ಆ ಕಣಿವೆಯ ನದಿಯ ಲ್ಯಾಟಿನ್ ಹೆಸರಿನಿಂದ ‘ಅಥೇಸಿಯಾ’ ಎಂಬ ಹೆಸರನ್ನು ಪಡೆಯಿತು. ವೇಷ ಬದಲಿಸುತ್ತ ಊರೂರು ತಿರುಗುವ ನಿರಾಶ್ರಿತನಂತೆ ಆ ಅಚ್ಚುಮನೆಯೂ ಹೆಸರು ಬದಲಿಸುತ್ತ ಉಳಿಯಿತು.

ಬೀಗವಿಲ್ಲದೆ ಬಾಯಿ ಮುಚ್ಚಿಸುವ ವಿದ್ಯೆ

ಫ್ಯಾಸಿಸ್ಟರು ಪತ್ರಿಕೆಗಳನ್ನು ಮಣಿಸಿದ ಬಗೆಯನ್ನು ನಾವು ತಿಳಿದಿರುವುದು ಒಳಿತು. 1924ರಲ್ಲಿ ಜಾರಿಗೆ ಬಂದ ಆಜ್ಞೆಯೊಂದು, ನಮ್ಮ ಜಿಲ್ಲಾಧಿಕಾರಿಗೆ ಹೋಲಿಸಬಹುದಾದ ಪ್ರಿಫೆಕ್ಟನಿಗೆ ಪತ್ರಿಕೆಯ ಹೊಣೆಗಾರ ಸಂಪಾದಕನಿಗೆ ಎಚ್ಚರಿಕೆ ಕೊಡುವ ಅಧಿಕಾರವನ್ನು ನೀಡಿತು. ಒಂದು ವರ್ಷದೊಳಗೆ ಎರಡು ಎಚ್ಚರಿಕೆ ಬಂದರೆ ಆತನ ಮಾನ್ಯತೆಯೇ ಹೋಗುತ್ತಿತ್ತು. ಮಾನ್ಯತೆ ಪಡೆದ ಸಂಪಾದಕನಿಲ್ಲದೆ ಪತ್ರಿಕೆ ಹೊರಡುವಂತಿರಲಿಲ್ಲ. 1925ರ ಡಿಸೆಂಬರ್ 31ರ ಕಾನೂನು ಈ ಕುಣಿಕೆಯನ್ನು ಇನ್ನಷ್ಟು ಬಿಗಿಗೊಳಿಸಿತು. ಹೀಗೆ ಪತ್ರಿಕೆಯನ್ನು ನೇರವಾಗಿ ಮುಚ್ಚುವ ಶ್ರಮವಿಲ್ಲದೆಯೇ ಅದನ್ನು ಅಂಜಿಕೆಯಲ್ಲಿಡಬಹುದಾಗಿತ್ತು. ಒಂದು ಸಂಚಿಕೆ ತಪ್ಪಿತೆಂದರೆ ಚಂದಾದಾರ ದೂರವಾಗುತ್ತಾನೆ, ಜಾಹೀರಾತು ಹೋಗುತ್ತದೆ, ಕೆಲಸದವರ ಕೂಲಿಯಂತೂ ನಿಲ್ಲುವುದಿಲ್ಲ. ರಾಜಕೀಯದ ಒತ್ತಡವು ಹಣದ ಒತ್ತಡವಾಗಿ ಮಾರ್ಪಡುವುದು ಈ ದಾರಿಯಿಂದಲೇ.

1925ರಲ್ಲಿ ‘ಲಾಂಡ್ಸ್‌ಮಾನ್’ ಪತ್ರಿಕೆಯನ್ನು ನಿಷೇಧಿಸಲಾಯಿತು. 1926ರಲ್ಲಿ ಫ್ಯಾಸಿಸ್ಟರು ತಮ್ಮದೇ ಆದ ‘ಆಲ್ಪೆನ್‌ಸೈಟುಂಗ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಅದು ಇಟಾಲಿಯನ್ ಪತ್ರಿಕೆಯಲ್ಲ, ಜರ್ಮನ್ ಭಾಷೆಯ ಪತ್ರಿಕೆ! ಇಲ್ಲಿ ಓದುಗರು ಒಂದು ಕ್ಷಣ ನಿಂತು ಆಲೋಚಿಸಬೇಕು. ಭಾಷೆ ಜನರದು, ಅಕ್ಷರ ಜನರದು, ಆದರೆ ಮಾತು ಮಾತ್ರ ಆಳುವವರದು. ಭಾಷೆ ಉಳಿದರೆ ಸಾಕು, ಪತ್ರಿಕೆ ಯಾರದಾದರೇನು ಎನ್ನುವವರಿಗೆ ಈ ಪ್ರಸಂಗವೇ ಉತ್ತರ. ಭಾಷೆಯ ದೇಹವನ್ನು ಇಟ್ಟುಕೊಂಡು ಆತ್ಮವನ್ನು ತೆಗೆದುಹಾಕುವುದು ಸಾಧ್ಯ ಎಂಬುದನ್ನು ಗಾಂಪರ್ ಅಂದೇ ಕಂಡುಕೊಂಡಿದ್ದರು.

ಅವರು ವ್ಯಾಟಿಕನ್ನಿನ ನೆರವನ್ನು ಬೇಡಿದರು. ಧರ್ಮಸಭೆಯೊಡನೆ ಒಪ್ಪಂದಕ್ಕೆ ಹಾತೊರೆಯುತ್ತಿದ್ದ ಮುಸ್ಸೋಲಿನಿಗೆ ಆಗ ವ್ಯಾಟಿಕನ್ನಿನ ಮುನಿಸು ಬೇಕಿರಲಿಲ್ಲ. ಆ ಮಧ್ಯಸ್ಥಿಕೆಯ ಫಲವಾಗಿ 1926ರ ಕೊನೆಯ ವೇಳೆಗೆ ಕಥೋಲಿಕ ಅಚ್ಚುಮನೆ ಮತ್ತೆ ಪತ್ರಿಕೆ ಹೊರಡಿಸಲು ಅನುಮತಿಯನ್ನು ಪಡೆಯಿತು. ಹೊಸ ಪತ್ರಿಕೆಗೆ ಊರಿನ ಹೆಸರಿಲ್ಲ, ಜನರ ಹೆಸರಿಲ್ಲ, ಬೆಟ್ಟದ ಹೆಸರು: ‘ಡೊಲೊಮೀಟೆನ್’. ಬೆಟ್ಟವನ್ನು ಯಾವ ಪ್ರಿಫೆಕ್ಟನೂ ನಿಷೇಧಿಸಲಾರನಷ್ಟೆ. ಆ ಪತ್ರಿಕೆ ಸ್ವತಂತ್ರವಾಗಿತ್ತು ಎಂದರೆ ಉತ್ಪ್ರೇಕ್ಷೆಯಾದೀತು. ಸರ್ಕಾರವನ್ನು ಟೀಕಿಸಲು ಅಲ್ಲಿ ಎಡೆಯಿರಲಿಲ್ಲ. ಗಾಂಪರರ ಪಾಲಿಗೆ ಅದೊಂದು ಬೂದಿ ಮುಚ್ಚಿದ ಕೆಂಡ. ಉರಿಯದಿದ್ದರೂ ಆರದಂತೆ ಕಾಯುವುದು ಅವರ ಆ ಹದಿನೇಳು ವರ್ಷಗಳ ಕೆಲಸವಾಯಿತು. ಪತ್ರಿಕೆ, ಪುಸ್ತಕ, ಮುದ್ರಣ ಇವೆಲ್ಲವೂ ಒಂದೇ ಸಂಸ್ಥೆಯ ನೆರಳಿನಲ್ಲಿದ್ದುದರಿಂದ ಹೊರಗಿನವರ ಹಣಕ್ಕೆ ಕೈಯೊಡ್ಡದೆ ಬದುಕುವ ಬಲ ಅದಕ್ಕೆ ಉಳಿಯಿತು.

ತತ್ತ್ವಜ್ಞಾನಿಯ ಕಾನೂನು, ಹಳ್ಳಿಯ ಹೆಣ್ಣುಮಕ್ಕಳ ಶಾಲೆ

ಓದುವವರಿಲ್ಲದೆ ಪತ್ರಿಕೆ ಇರಲಾರದು. ಫ್ಯಾಸಿಸ್ಟರು ಬೇರಿಗೇ ಕೊಡಲಿಯೇಟು ಹಾಕಿದ್ದು ಇಲ್ಲಿ. 1923ರ ಶಿಕ್ಷಣ ಕಾನೂನಿನ ಪ್ರಕಾರ ಒಂದನೆಯ ತರಗತಿಯಿಂದ ಆರಂಭಿಸಿ, ವರ್ಷಕ್ಕೊಂದು ತರಗತಿಯಂತೆ ಶಾಲೆಗಳೆಲ್ಲ ಇಟಾಲಿಯನ್ ಮಾಧ್ಯಮಕ್ಕೆ ತಿರುಗಿದವು. ಈ ಕಾನೂನನ್ನು ತಂದ ಮಂತ್ರಿ ಜಿಯೊವಾನಿ ಜೆಂತಿಲೆ ಸಾಮಾನ್ಯನಲ್ಲ, ಯೂರೋಪಿನ ಖ್ಯಾತ ತತ್ತ್ವಜ್ಞಾನಿ. ವ್ಯಕ್ತಿಯ ನೈತಿಕ ಜೀವನವು ಪೂರ್ಣತೆಯನ್ನು ಪಡೆಯುವುದು ರಾಷ್ಟ್ರದಲ್ಲಿಯೇ ಎಂಬುದು ಆತನ ಸಿದ್ಧಾಂತದ ತಿರುಳು. ತತ್ತ್ವಶಾಸ್ತ್ರವನ್ನು ಅಲ್ಪಸ್ವಲ್ಪ ಓದಿದ ನಮಗೆ ಈ ವಿಚಾರ ಇಂದಿಗೂ ನಡುಕ ಹುಟ್ಟಿಸುತ್ತದೆ. ರಾಷ್ಟ್ರವೇ ಸರ್ವಸ್ವವಾದರೆ ತಾಯಿಯ ಮಡಿಲಲ್ಲಿ ಕಲಿತ ನುಡಿಗೆ ಸ್ವಂತ ಹಕ್ಕು ಎಲ್ಲಿ ಉಳಿದೀತು? ಇದಕ್ಕೆ ಧರ್ಮಸಭೆಯ ಉತ್ತರವು 1929ರ ಡಿಸೆಂಬರ್ 31ರಂದು ಜಗದ್ಗುರು ಹನ್ನೊಂದನೆಯ ಪಯಸ್ಸರು ಹೊರಡಿಸಿದ ಶಿಕ್ಷಣ ಕುರಿತ ವಿಶ್ವಪತ್ರದಲ್ಲಿದೆ. ಮಕ್ಕಳ ಶಿಕ್ಷಣದಲ್ಲಿ ಕುಟುಂಬದ ಹಕ್ಕು ರಾಜ್ಯದ ಹಕ್ಕಿಗಿಂತ ಮೊದಲಿನದು ಎಂಬ ತತ್ತ್ವವನ್ನು ಅದು ಸ್ಥಿರವಾಗಿ ನಿಲ್ಲಿಸಿತು.

ಗಾಂಪರರು ವಿಶ್ವಪತ್ರಕ್ಕಾಗಿ ಕಾದು ಕೂರಲಿಲ್ಲ. ಆರಾಧನೆಗೆ ಅಡ್ಡಿ ಬಂದಾಗ ಆದಿಕ್ರೈಸ್ತರು ಮನೆಗಳಿಗೂ ಕ್ಯಾಟಕೂಂಬ್ ಎಂಬ ನೆಲದಡಿಯ ಸಮಾಧಿಗುಹೆಗಳಿಗೂ ಇಳಿದಂತೆ, ನಾವೂ ಮನೆಯೊಳಗೆ ಮಕ್ಕಳಿಗೆ ಕಲಿಸೋಣ ಎಂಬ ಕರೆಯನ್ನು ಅವರು ತಮ್ಮ ಪತ್ರಿಕೆಯ ಮೂಲಕ ಕೊಟ್ಟರು. ಆ ಗುಪ್ತಶಾಲೆಗಳಿಗೆ ಕ್ಯಾಟಕೂಂಬ್ ಶಾಲೆಗಳೆಂಬ ಹೆಸರೇ ನಿಂತಿತು. ರೈತರ ಮನೆಯ ಅಟ್ಟ, ಅಡಿಗೆಕೋಣೆ, ಹುಲ್ಲಿನ ಕೊಟ್ಟಿಗೆಗಳಲ್ಲಿ ನಾಲ್ಕಾರು ಮಕ್ಕಳು ಕೂಡುತ್ತಿದ್ದರು. ಕಲಿಸಿದವರಲ್ಲಿ ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. ಸಿಕ್ಕಿಬಿದ್ದವರಿಗೆ ದಂಡ, ಸೆರೆವಾಸ, ಗಡೀಪಾರು. ಆಂಜೆಲಾ ನಿಕೊಲೆಟ್ಟಿ ಎಂಬ ಶಿಕ್ಷಕಿ ಬಂಧನಕ್ಕೊಳಗಾಗಿ, ಕ್ಷಯರೋಗದಿಂದ 1930ರಲ್ಲಿ ಇಪ್ಪತ್ತೈದರ ಎಳೆಹರೆಯದಲ್ಲಿಯೇ ಮಡಿದಳು. ಗುಪ್ತಶಾಲೆಗಳ ಬೆನ್ನಿಗೆ ನಿಂತಿದ್ದ ವಕೀಲ ಯೋಸೆಫ್ ನೋಲ್ಡಿನರನ್ನು ಲಿಪಾರಿ ದ್ವೀಪಕ್ಕೆ ಗಡೀಪಾರು ಮಾಡಲಾಯಿತು. ಅವರೂ 1929ರಲ್ಲಿ ತೀರಿಕೊಂಡರು.

ಧರ್ಮಕೇಂದ್ರಗಳಲ್ಲಿಯೂ ಒಂದು ಬಾಗಿಲು ತೆರೆದಿತ್ತು. ಸರ್ಕಾರಿ ಶಾಲೆಯಲ್ಲಿ ಧರ್ಮೋಪದೇಶವೂ ಇಟಾಲಿಯನ್ನಿನಲ್ಲಿಯೇ ನಡೆಯಬೇಕೆಂದಾದಾಗ ಗುರುಗಳು ಅದನ್ನು ಧರ್ಮಕೇಂದ್ರದ ಕೋಣೆಗಳಿಗೆ ತಂದು ಮಾತೃಭಾಷೆಯಲ್ಲಿಯೇ ಮುಂದುವರಿಸಿದರು. ಧರ್ಮೋಪದೇಶದ ಪುಸ್ತಕವೇ ಅನೇಕ ಮಕ್ಕಳಿಗೆ ಜರ್ಮನ್ ಅಕ್ಷರಮಾಲೆಯೂ ಆಯಿತು. ಇದಕ್ಕೆ ಬೆಂಬಲವಾಗಿ ನಿಂತವರು ಟ್ರೆಂಟೊ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷ ಚೆಲೆಸ್ತಿನೊ ಎಂದ್ರೀಚಿ. ಅವರು ಇಟಾಲಿಯನ್ನರು. ಮೊದಲ ಯುದ್ಧಕಾಲದಲ್ಲಿ ಆಸ್ಟ್ರಿಯಾ ಸರ್ಕಾರವು ಅವರನ್ನು ಇಟಲಿಯ ಪಕ್ಷಪಾತಿಯೆಂದು ಶಂಕಿಸಿ ಸಂನ್ಯಾಸಿಮಠವೊಂದರಲ್ಲಿ ನಿರ್ಬಂಧದಲ್ಲಿಟ್ಟಿತ್ತು. ಅಂಥವರೇ ತಮ್ಮ ಜರ್ಮನ್ ಭಾಷಿಕ ವಿಶ್ವಾಸಿಗಳ ಮಾತೃಭಾಷೆಗಾಗಿ ಇಟಲಿಯ ಸರ್ಕಾರದೊಡನೆ ವಾದಿಸಿದರು. ಕುರುಬನಾದವನು ಕುರಿಯ ಭಾಷೆಯನ್ನು ಕೇಳಬೇಕೇ ಹೊರತು ತನ್ನ ಭಾಷೆಯನ್ನು ಹೇರಬಾರದೆಂಬುದನ್ನು ಅವರ ನಡತೆಯೇ ಸಾರಿತು.

ಸ್ವಜನರಿಗೆ ವಿರುದ್ಧವಾಗಿ

ಇಲ್ಲಿಯವರೆಗಿನ ಕಥೆಯಲ್ಲಿ ಶತ್ರು ಹೊರಗಿದ್ದನು. ಗಾಂಪರರ ನಿಜವಾದ ಪರೀಕ್ಷೆ ಬಂದದ್ದು 1939ರಲ್ಲಿ. ಆ ವರ್ಷದ ಜೂನ್ 23ರಂದು ಬರ್ಲಿನ್ನಿನಲ್ಲಿ ಹಿಟ್ಲರನ ಸರ್ಕಾರವೂ ಮುಸ್ಸೋಲಿನಿಯ ಸರ್ಕಾರವೂ ಒಂದು ಒಡಂಬಡಿಕೆಗೆ ಬಂದವು. ದಕ್ಷಿಣ ಟಿರೋಲಿನ ಜನರು ವರ್ಷಾಂತ್ಯದೊಳಗೆ ಒಂದನ್ನು ಆರಿಸಬೇಕು: ಜರ್ಮನಿಗೆ ವಲಸೆ ಹೋಗಬೇಕು, ಇಲ್ಲವೇ ಇಟಲಿಯಲ್ಲಿ ಉಳಿಯಬೇಕು. ಭಾಷೆ ಬೇಕಾದರೆ ನೆಲವನ್ನು ಬಿಡಬೇಕು, ನೆಲ ಬೇಕಾದರೆ ಭಾಷೆಯ ಆಸೆಯನ್ನು ಬಿಡಬೇಕು. ಉಳಿದವರನ್ನು ಸಿಸಿಲಿಗೆ ಸಾಗಿಸುತ್ತಾರೆಂಬ ವದಂತಿಯೂ ಹಬ್ಬಿತು. ನಾಜಿ ಪ್ರಚಾರಕರು ಹಳ್ಳಿಹಳ್ಳಿಗೂ ತಿರುಗಿದರು. ಅಣ್ಣತಮ್ಮಂದಿರಲ್ಲಿ, ಗಂಡಹೆಂಡಿರಲ್ಲಿ ಮನಸ್ಸು ಮುರಿಯಿತು. ಕೊನೆಗೆ ಶೇಕಡ 80ಕ್ಕೂ ಮಿಗಿಲಾದ ಜನರು ಜರ್ಮನಿಯನ್ನು ಆರಿಸಿದರು. ಸುಮಾರು 75,000 ಮಂದಿ ವಾಸ್ತವವಾಗಿ ಊರು ಬಿಟ್ಟರು.

ಜರ್ಮನ್ ನುಡಿಗಾಗಿ ಎರಡು ದಶಕ ಹೋರಾಡಿದ್ದ ಗಾಂಪರರು ಏನು ಹೇಳಿದ್ದಿರಬೇಕು? ಹೊರಡಿರಿ ಎಂದಿದ್ದರೆ ಜನ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು. ಮೌನವಾಗಿದ್ದರೂ ಪತ್ರಿಕೆಗೆ ಕೇಡಿರಲಿಲ್ಲ. ಆದರೆ ಅವರು ‘ಫೋಲ್ಕ್ಸ್‌ಬೋಟೆ’ಯಲ್ಲಿ ವಲಸೆಯ ವಿರುದ್ಧ ಬರೆದರು. ಹಿಟ್ಲರನ ರಾಜ್ಯ ಕ್ರಿಸ್ತವಿರೋಧಿಯಾದದ್ದು, ಪೂರ್ವಿಕರ ಮಣ್ಣನ್ನೂ ವಿಶ್ವಾಸವನ್ನೂ ತೆತ್ತು ಕೊಳ್ಳುವ ಜರ್ಮನ್‌ತನಕ್ಕೆ ಬೆಲೆಯಿಲ್ಲ ಎಂಬುದು ಅವರ ನಿಲುವು. ಗುರುಗಳಲ್ಲಿ ಬಹುಪಾಲು ಮಂದಿ ಅವರಂತೆ ಉಳಿಯಲು ನಿರ್ಧರಿಸಿದರು. ಜನಸಮೂಹ ಮಾತ್ರ ಇನ್ನೊಂದು ದಡದಲ್ಲಿ ನಿಂತಿತ್ತು. ಉಳಿಯಬಯಸಿದವರನ್ನು ದ್ರೋಹಿಗಳೆಂದು ನಿಂದಿಸಲಾಯಿತು. ಯಾರ ಮಕ್ಕಳಿಗಾಗಿ ಗಾಂಪರ್ ಗುಪ್ತಶಾಲೆ ಕಟ್ಟಿದ್ದರೋ ಅವರಲ್ಲಿ ಅನೇಕರು ಈಗ ಅವರ ವಿರೋಧಿಗಳು.

ಮಾತೃಭಾಷೆಯನ್ನು ಪ್ರೀತಿಸುವುದು ಬೇರೆ, ಅದನ್ನು ವಿಗ್ರಹವಾಗಿಸಿ ಪೂಜಿಸುವುದು ಬೇರೆ. ಗಾಂಪರರು ಈ ಅಂತರವನ್ನು ಬಲ್ಲವರಾಗಿದ್ದರು. ಪ್ರಿಫೆಕ್ಟನಿಗೆ ಅಂಜದ ಸಂಪಾದಕರು ಹಲವರಿದ್ದಾರು. ತನ್ನ ಚಂದಾದಾರರಿಗೇ ಅಂಜದ ಸಂಪಾದಕರು ಅಪರೂಪ.

1943ರ ಸೆಪ್ಟೆಂಬರ್ 8ರಂದು ಇಟಲಿ ಮಿತ್ರರಾಷ್ಟ್ರಗಳಿಗೆ ಶರಣಾದ ಸುದ್ದಿ ಹೊರಬಿದ್ದೊಡನೆ ಹಿಟ್ಲರನ ಸೈನ್ಯವು ಬೋಲ್ಸಾನೊವನ್ನು ಆಕ್ರಮಿಸಿತು. ಇಟಲಿಯ ಫ್ಯಾಸಿಸ್ಟರು ಅನುಮತಿ ಕೊಟ್ಟಿದ್ದ ಜರ್ಮನ್ ಭಾಷೆಯ ‘ಡೊಲೊಮೀಟೆನ್’ ಪತ್ರಿಕೆಯನ್ನು ಜರ್ಮನರೇ ಮುಚ್ಚಿಸಿದರು. ಅದರ ಜಾಗದಲ್ಲಿ ನಾಜಿಗಳ ‘ಬೋಟ್ಸ್ನರ್ ಟಾಗ್‌ಬ್ಲಾಟ್’ ಹೊರಟಿತು. ಗಾಂಪರರು ತಪ್ಪಿಸಿಕೊಂಡು ಫ್ಲಾರೆನ್ಸ್ ನಗರಕ್ಕೆ ಹೋಗಿ ಅಜ್ಞಾತವಾಸದಲ್ಲಿದ್ದರು. ಅವರ ಸಹವರ್ತಿ ಪತ್ರಕರ್ತ ಫ್ರೀಡಲ್ ಫೋಲ್ಗರರನ್ನು ದಾಖಾವ್ ಯಾತನಾಶಿಬಿರಕ್ಕೆ ಅಟ್ಟಲಾಯಿತು. ಬೋಲ್ಸಾನೊದ ಕಥೋಲಿಕ ಯುವಜನರ ನಾಯಕ ಯೋಸೆಫ್ ಮಾಯರ್-ನುಸ್ಸರ್ ಹಿಟ್ಲರನ ಹೆಸರಿನಲ್ಲಿ ಪ್ರಮಾಣ ಮಾಡಲೊಪ್ಪದೆ, ದಾಖಾವ್‌ಗೆ ಸಾಗಿಸುವ ದಾರಿಯಲ್ಲಿ 1945ರ ಫೆಬ್ರವರಿಯಲ್ಲಿ ಪ್ರಾಣ ತೆತ್ತರು. ಅವರನ್ನು ಧರ್ಮಸಭೆ 2017ರ ಮಾರ್ಚ್ 18ರಂದು ಧನ್ಯರೆಂದು ಘೋಷಿಸಿತು.

ಯುದ್ಧಾನಂತರ

1945ರ ಮೇ 19ರಂದು ‘ಡೊಲೊಮೀಟೆನ್’ ಮತ್ತೆ ಬೆಳಕು ಕಂಡಿತು. ಮುಂದಿನ ವರ್ಷ ಸೆಪ್ಟೆಂಬರ್ 5ರಂದು ಇಟಲಿಯ ಪ್ರಧಾನಿ ಆಲ್ಚಿದೆ ದೆ ಗಾಸ್ಪೆರಿ ಮತ್ತು ಆಸ್ಟ್ರಿಯಾದ ವಿದೇಶಾಂಗ ಮಂತ್ರಿ ಕಾರ್ಲ್ ಗ್ರೂಬರ್ ಜರ್ಮನ್ ಭಾಷಿಕರ ಹಕ್ಕುಗಳ ಒಪ್ಪಂದಕ್ಕೆ ಸಹಿ ಹಾಕಿದರು. ವಿಧಿಯ ವಿಚಿತ್ರವೆಂದರೆ ಈ ದೆ ಗಾಸ್ಪೆರಿ ಕೂಡ ತಮ್ಮ ಯೌವನದಲ್ಲಿ ಅಲ್ಪಸಂಖ್ಯಾತ ಭಾಷೆಯ ಕಥೋಲಿಕ ಪತ್ರಿಕೆಯ ಸಂಪಾದಕರೇ. ಆಸ್ಟ್ರಿಯಾದ ಆಳ್ವಿಕೆಯಲ್ಲಿ ಟ್ರೆಂಟೊದಿಂದ ಇಟಾಲಿಯನ್ ಭಾಷೆಯಲ್ಲಿ ಪತ್ರಿಕೆ ಹೊರಡಿಸುತ್ತಿದ್ದವರು, ಮುಂದೆ ಮುಸ್ಸೋಲಿನಿಯ ಸೆರೆಮನೆಯನ್ನೂ ಕಂಡವರು. ಹಾಗಿದ್ದರೂ 1948ರ ಸ್ವಾಯತ್ತತಾ ಶಾಸನವು ಬೋಲ್ಸಾನೊವನ್ನು ಟ್ರೆಂಟೊದೊಡನೆ ಒಂದೇ ಪ್ರಾಂತವಾಗಿ ಬೆಸೆದು ಜರ್ಮನ್ ಭಾಷಿಕರನ್ನು ಅಲ್ಲಿಯೂ ಅಲ್ಪಸಂಖ್ಯಾತರನ್ನಾಗಿಸಿತು. ಗಾಂಪರರ ನಿರಾಸೆ 1953ರ ಅಕ್ಟೋಬರಿನಲ್ಲಿ ಲೇಖನವೊಂದರಲ್ಲಿ ಸಿಡಿಯಿತು. ಇಟಲಿಯ ದಕ್ಷಿಣದಿಂದ ಬರುತ್ತಿದ್ದ ವಲಸಿಗರ ಪ್ರವಾಹದಿಂದ ತಮ್ಮ ಜನ ಮೃತ್ಯುಯಾತ್ರೆಯಲ್ಲಿದ್ದಾರೆ ಎಂದು ಅವರು ಅದರಲ್ಲಿ ಚಿತ್ರಿಸಿದರು. ಹಾಗೆ ಬಂದವರಲ್ಲಿ ಅನೇಕರು ಹೊಟ್ಟೆಪಾಡಿಗಾಗಿ ಬಂದ ಬಡ ಕೂಲಿಕಾರರೇ ಎಂಬುದನ್ನು ನೆನೆದಾಗ, ಆ ಮಾತು ಗುರುವೊಬ್ಬರ ಲೇಖನಿಗೆ ತುಸು ಕಠಿಣವಾಯಿತೆಂದೇ ನಮಗೆ ತೋರುತ್ತದೆ. ಮಹಾಪುರುಷರ ಜೀವನವನ್ನು ಬರೆಯುವಾಗ ಇದನ್ನೂ ಮುಚ್ಚಿಡಬಾರದು.

1956ರ ಏಪ್ರಿಲ್ 15ರಂದು ಗಾಂಪರ್ ಬೋಲ್ಸಾನೊದಲ್ಲಿ ದೈವಾಧೀನರಾದರು. ಅವರು ಬಯಸಿದ್ದ ವಿಸ್ತೃತ ಸ್ವಾಯತ್ತತೆ 1972ರ ಎರಡನೆಯ ಶಾಸನದಿಂದ ದೊರಕಿತು. ಅಲ್ಪಸಂಖ್ಯಾತ ಭಾಷೆಗಳ ದಿನಪತ್ರಿಕೆಗಳಿಗೆ ಸಹಾಯಧನ ನೀಡುವ ಕಾನೂನನ್ನು ಅದೇ ಇಟಲಿ 1990ರಲ್ಲಿ ಮಾಡಿತು. ಯೂರೋಪಿನ ಇಂಥ ಪತ್ರಿಕೆಗಳು 2001ರಲ್ಲಿ ಕಟ್ಟಿಕೊಂಡ ಸಂಘಕ್ಕೂ ಬೋಲ್ಸಾನೊವೇ ಕೇಂದ್ರವಾಯಿತು.

ಆದರೂ ಪ್ರಶ್ನೆ ಮುಗಿದಿಲ್ಲ. 2003ರಲ್ಲಿ ಸ್ಪೇನಿನ ನ್ಯಾಯಾಧೀಶರೊಬ್ಬರ ಆಜ್ಞೆಯಿಂದ ಬಾಸ್ಕ್ ಭಾಷೆಯ ‘ಎಗುಂಕಾರಿಯಾ’ ದಿನಪತ್ರಿಕೆ ಮುಚ್ಚಿತು. ಅದರ ಮುಖ್ಯಸ್ಥರು ನಿರ್ದೋಷಿಗಳೆಂದು ತೀರ್ಪು ಬಂದದ್ದು 2010ರಲ್ಲಿ. ಅಷ್ಟು ಹೊತ್ತಿಗೆ ಪತ್ರಿಕೆಯೇ ಇರಲಿಲ್ಲ. ಇನ್ನು ಗಾಂಪರರ ಅಚ್ಚುಮನೆ ‘ಅಥೇಸಿಯಾ’ ಬೆಳೆದು ದೊಡ್ಡ ಉದ್ಯಮವಾಗಿ, 2016ರಲ್ಲಿ ಬೋಲ್ಸಾನೊದ ಇಟಾಲಿಯನ್ ದಿನಪತ್ರಿಕೆಯನ್ನೂ ತನ್ನದಾಗಿಸಿಕೊಂಡಿತು. ಒಂದು ಕಾಲಕ್ಕೆ ಉಸಿರಾಡಲು ಹೆಣಗಿದ ಮನೆಯ ಕೈಯಲ್ಲಿಯೇ ಈಗ ಎರಡೂ ಭಾಷೆಗಳ ಪತ್ರಿಕೆಗಳಿವೆ. ಸರ್ಕಾರದ ಸಹಾಯಧನವಾಗಲಿ, ಸ್ವಂತ ಸಂಪತ್ತಾಗಲಿ ಸ್ವಾತಂತ್ರ್ಯವನ್ನು ತಾನಾಗಿ ತಂದುಕೊಡದು. ಬಡತನ ಪತ್ರಿಕೆಯನ್ನು ಕೊಲ್ಲಬಲ್ಲದು, ಸಿರಿತನ ಅದನ್ನು ಮಲಗಿಸಬಲ್ಲದು.

ನಮ್ಮ ಕರಾವಳಿಯ ಕಥೋಲಿಕರಿಗೆ ಈ ಕಥೆ ಪರಕೀಯವಲ್ಲ. ಮಂಗಳೂರಿನಲ್ಲಿ ಕೊಂಕಣಿಗೆ ‘ಕೊಂಕ್ಣಿ ದಿರ್ವೆಂ’ 1912ರಲ್ಲಿ, ಧರ್ಮಪ್ರಾಂತ್ಯದ ‘ರಾಕ್ಣೊ’ 1938ರಲ್ಲಿ ಹುಟ್ಟಿದಾಗ ಅವುಗಳ ಹಿಂದೆಯೂ ಸಣ್ಣ ಚಂದಾದಾರರ ದುಡ್ಡು, ಕೆಲವೇ ಮಂದಿಯ ದುಡಿಮೆ ಇದ್ದವು. ಮನೆಮಾತಿನ ಪತ್ರಿಕೆಗೆ ಚಂದಾ ಕಟ್ಟುವುದನ್ನು ನಾವು ದಾನವೆಂದು ಭಾವಿಸುತ್ತೇವೆ. ಅದು ದಾನವಲ್ಲ. ನಾವು ಕಟ್ಟದ ಹಣವನ್ನು ಬೇರೆ ಯಾರೋ ಕಟ್ಟುತ್ತಾರೆ, ಕಟ್ಟಿದವರ ಮಾತೇ ಅಲ್ಲಿ ಅಚ್ಚಾಗುತ್ತದೆ.

ಚಂದಾ ಕಟ್ಟಿದ ಮೇಲೂ ನಮಗೊಂದು ಕರ್ತವ್ಯ ಉಳಿಯುತ್ತದೆ. ನಮಗೆ ಹಿತವಾದುದನ್ನೇ ಬರೆ ಎಂದು ಸಂಪಾದಕರನ್ನು ಒತ್ತಾಯಿಸದಿರುವುದು, ಅಪ್ರಿಯ ಸತ್ಯವನ್ನು ಬರೆದ ವಾರವೇ ಪತ್ರಿಕೆಯನ್ನು ನಿಲ್ಲಿಸದಿರುವುದು. 1939ರ ಆ ಚಳಿಗಾಲದಲ್ಲಿ ಗಾಂಪರರು ಬರೆದುದನ್ನು ಸಿಟ್ಟಿನಿಂದಲೇ ಓದಿ, ಆಲೋಚಿಸಿ, ಊರು ಬಿಡದೆ ಉಳಿದ ಕುಟುಂಬಗಳೂ ಇದ್ದವು. ನಮ್ಮ ಮನೆಗಳಲ್ಲಿಯೂ ಅಂಥ ಓದುಗರು ಬೆಳೆಯಲಿ ಎಂದು ಪ್ರಾರ್ಥಿಸೋಣ.